ಟೊಳ್ಳು ಹಲಗೆ

ಫೆಬ್ರವರಿ ೩, ಸೋಮವಾರ

ಏಳನೆಯ ಸಲವೂ ಅದೇ ಸೇತುವೆಯಂತೆ!

ಇಲ್ಲಿ ಬರೆದು ಕಾರಿಕೊಳ್ಳದಿದ್ದರೆ ನಾಳೆ ಆಫೀಸಿನಲ್ಲಿ ಯಾರ ಮೇಲಾದರೂ ಹರಿಹಾಯುತ್ತೇನೆ. ನಮ್ಮ ಕಂಪನಿ ಉಸಿರಾಡುತ್ತಿರುವುದೇ ಒಂದು ವಿಡಿಯೋ ಗೇಮಿನಿಂದ. ಹೆಸರು ‘ಸೇತುವೆಯಾಚೆ’. ಇದುವರೆಗೆ ಆರು ಭಾಗ ಬಂದಿವೆ, ಆರೂ ಶುರುವಾಗುವುದು ಒಂದೇ ಥರ. ದಾರಿಹೋಕನೊಬ್ಬ ದೋಣಿಯಿಂದ ಇಳಿಯುತ್ತಾನೆ. ದಡದ ಮೇಲಿನ ಲಾಟೀನು ಎತ್ತಿಕೊಳ್ಳುತ್ತಾನೆ. ಕಟಕಟೆಯಿಲ್ಲದ ಮರದ ಸೇತುವೆ ದಾಟುತ್ತಾನೆ. ಆಚೆ ತುದಿಯಲ್ಲಿ ಕಾವಲುಗಾರ “ಯಾರಪ್ಪಾ ನೀನು?” ಅನ್ನುತ್ತಾನೆ. ಒಂದೊಂದು ಭಾಗದಲ್ಲೂ ನೀರು ಇನ್ನಷ್ಟು ಹೊಳೆಯುತ್ತದೆ, ಕಾವಲುಗಾರನ ಗಡ್ಡ ಇನ್ನಷ್ಟು ದಟ್ಟವಾಗುತ್ತದೆ. ಹಳೇ ಪಾತ್ರೆಗೆ ಕಲಾಯಿ ಹಾಕಿ ಹೊಸದೆಂದು ಮಾರುವ ಕೆಲಸ. ಜನವೂ ಕೊಳ್ಳುತ್ತಾರೆ, ಅದೇ ದೊಡ್ಡ ಕಷ್ಟ.

ಈ ಸಲ ಆಟದ ಆರಂಭ ಕಟ್ಟುವ ಕೆಲಸ ಮೊದಲ ಬಾರಿಗೆ ನನ್ನ ಪಾಲಿಗೆ ಬಂದಿದೆ. ನಾನು ಆಗಲೇ ಒಂದು ಆಕಾಶನಗರ ಮಾಡಿಟ್ಟುಕೊಂಡಿದ್ದೆ. ಮೋಡದ ಮೇಲೆ ತೇಲುವ ತಾಮ್ರಬಣ್ಣದ ಗೋಪುರಗಳು, ಅವುಗಳ ನಡುವೆ ಗಾಜಿನ ಮೆಟ್ಟಿಲು, ಕೆಳಗೆ ನೇರಳೆ ಬಣ್ಣದ ಸಮುದ್ರ. ಮಾಡಿದವಳು ನಾನೇ ಆದರೂ ನೋಡಿದಾಗಲೆಲ್ಲ ಬಾಯಿ ತೆರೆದುಕೊಳ್ಳುತ್ತದೆ. ಇವತ್ತು ಯಜಮಾನರಿಗೆ ತೋರಿಸಿದೆ. ಯಜಮಾನರು ಅಂದರೆ ನಮ್ಮ ಕಂಪನಿ ಕಟ್ಟಿದವರು, ಮೊದಲ ಭಾಗವನ್ನು ಸ್ವಂತ ಕೈಯಾರೆ ಮಾಡಿದವರು. ಕಣ್ಣರಳಿಸಿ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

“ತುಂಬಾ ಚೆನ್ನಾಗಿದೆಯಮ್ಮಾ. ಸೇತುವೆ ಎಲ್ಲಿ?” ಅಂದರು.

ನಾನು ವಾದ ಮಾಡಿದೆ. ಅವರು ರಾಗ ಎಳೆದರು. ಕೊನೆಗೆ, “ಎರಡನ್ನೂ ಮಾಡು. ಸೇತುವೆನೂ ಮಾಡು, ನಿನ್ನ ಆಕಾಶಾನೂ ಮಾಡು. ಮಾರ್ಚ್ ಹದಿನಾಲ್ಕಕ್ಕೆ ಕೂತು ಆಡ್ತೀನಿ. ಒಂದು ಉಳಿಯುತ್ತೆ, ಒಂದು ಹೋಗುತ್ತೆ,” ಅಂದರು.

ಆಕಾಶ ಉಳಿಯಲೇಬೇಕು. ಇಲ್ಲದಿದ್ದರೆ ಎಂಟನೆಯ ಭಾಗದ ಗಡ್ಡಕ್ಕೆ ಎಣ್ಣೆ ಹಚ್ಚುತ್ತಾ ಕೂರಬೇಕಾದವಳು ನಾನೇ.

ಫೆಬ್ರವರಿ ೫, ಬುಧವಾರ

ಚಿಕ್ಕಮ್ಮ ನನ್ನ ಮನೆಗೆ ಬಂದು ಒಂದು ತಿಂಗಳಾಯಿತು. ಅಮ್ಮನ ತಂಗಿ, ಮದುವೆಯ ಗೋಜಿಗೆ ಹೋಗದವಳು. ಸಿಟಿ ಬಸ್ಸು ಓಡಿಸುತ್ತಿದ್ದಳು. ಕಣ್ಣಿನ ಹಿಂದಿನ ಪರದೆ ಒಣಗುವ ಕಾಯಿಲೆ ಬಂದು ಕೆಲಸ ಬಿಟ್ಟಳು. ಈಗ ಕಿಟಕಿ ಯಾವ ಕಡೆ ಇದೆ ಅನ್ನುವಷ್ಟು ಬೆಳಕು ಮಾತ್ರ ತಿಳಿಯುತ್ತದೆ.

ಸಂಜೆ ಬಂದಾಗ ಹಾಲಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಟಿವಿ ಕಪ್ಪಗಿತ್ತು. ತೊಡೆಯ ಮೇಲೆ ನನ್ನ ಹಳೇ ಗೇಮ್ ಕಂಟ್ರೋಲರ್.

“ಏನು ಮಾಡ್ತಿದೀಯಾ?” ಅಂದೆ.

“ನಿಮ್ಮ ಆಫೀಸಿನ ಆಟಾನೇ ಆಡ್ತಿದೀನಿ.”

ಪಾಪ, ಗುಂಡಿ ಒತ್ತುತ್ತಾ ಸಂಗೀತ ಕೇಳಿದರೆ ಹೊತ್ತು ಹೋಗುತ್ತದೇನೋ. ನಾನು ಹೂಂ ಅಂದು ಒಳಗೆ ಬಂದೆ.

“ಫ್ಯಾನಿನ ಬೋಲ್ಟು ಸಡಿಲ ಆಗಿದೆ, ಯಾರಿಗಾದ್ರೂ ಹೇಳು,” ಅಂತ ಹಿಂದಿನಿಂದ ಕೂಗಿದಳು. ತಲೆ ಎತ್ತಿ ನೋಡಿದೆ. ಫ್ಯಾನು ನೆಟ್ಟಗೇ ತಿರುಗುತ್ತಿತ್ತು.

ಫೆಬ್ರವರಿ ೧೧, ಮಂಗಳವಾರ

ದಿನವಿಡೀ ಸೇತುವೆಯ ಚಾಕರಿ. ನಮ್ಮಲ್ಲೊಂದು ಪದ್ಧತಿ ಇದೆ: ಹಿಂದಿನ ಭಾಗದ ಫೈಲುಗಳನ್ನು ಇಡಿಯಾಗಿ ನಕಲು ಮಾಡಿಕೊಂಡು ಅದರ ಮೇಲೇ ಹೊಸ ಭಾಗ ಕಟ್ಟುವುದು. ಹಾಗಾಗಿ ಮೊದಲ ಭಾಗದ ಧೂಳೂ ಏಳನೆಯದಕ್ಕೆ ಬಂದು ಕೂತಿದೆ.

ಧೂಳೆಂದರೆ ಇದು. ದಾರಿಹೋಕ ನಡೆಯುವಾಗ ಹಲಗೆಗಳು ಠಪ್ ಠಪ್ ಅನ್ನುತ್ತವೆ. ಸೇತುವೆ ಎಡಕ್ಕೆ ತಿರುಗುವ ಜಾಗದಲ್ಲಿ ಒಂದು ಹಲಗೆ ಮಾತ್ರ ಡೊಬ್ ಅನ್ನುತ್ತದೆ. ಒಳಗೆ ಟೊಳ್ಳು ಇದ್ದ ಹಾಗೆ. ಹಳೇ ಭಾಗಗಳನ್ನೆಲ್ಲ ತೆರೆದು ನೋಡಿದೆ. ಆರರಲ್ಲೂ ಅದೇ ಹಲಗೆ, ಅದೇ ತಪ್ಪು. ಯಾರಿಗೂ ಕಿವಿಯೇ ಇಲ್ಲವೇ ಇಲ್ಲಿ? ತೆಗೆದೆಸೆದು ಉಳಿದವುಗಳ ಥರವೇ ಠಪ್ ಅನ್ನುವುದನ್ನು ಹಾಕಿದೆ. ಹೊಸತು ಮಾಡಲು ಬಿಡದಿದ್ದರೂ ಹಳೆಯ ಕೊಳೆಯನ್ನಾದರೂ ತೊಳೆದೆನಲ್ಲ ಅಂತ ಸಮಾಧಾನ.

ಫೆಬ್ರವರಿ ೧೬, ಭಾನುವಾರ

ಎಲ್ಲಿಂದ ಶುರುಮಾಡಲಿ?

ಪರೀಕ್ಷೆಗೆಂದು ಎರಡೂ ಆರಂಭಗಳನ್ನು ಮನೆಗೆ ತಂದಿದ್ದೆ. ಬೆಳಗಿನ ಕಾಫಿ ಆದಮೇಲೆ ಚಿಕ್ಕಮ್ಮ, “ಏಳನೇದು ತಂದಿದೀಯಂತೆ, ಹಾಕು ನೋಡೋಣ,” ಅಂದಳು. ಸರಿ, ಸಂಗೀತ ಕೇಳಲಿ ಅಂತ ಹಾಕಿಕೊಟ್ಟೆ. ಟಿವಿ ಆನ್ ಮಾಡಿದೆ.

ಕಂಟ್ರೋಲರ್ ಕೈಗೆ ಬಂದದ್ದೇ ಅವಳ ಬೆನ್ನು ನೆಟ್ಟಗಾಯಿತು. ಡ್ರೈವರ್ ಸೀಟಿನಲ್ಲಿ ಹೀಗೇ ಕೂರುತ್ತಿದ್ದಳೇನೋ. ದಾರಿಹೋಕ ದೋಣಿಯಿಂದ ಇಳಿದ. ನೇರ ಲಾಟೀನಿನ ಹತ್ತಿರ ಹೋದ, ಎತ್ತಿಕೊಂಡ. ತಿರುಗಿದ. ಸೇತುವೆಗೆ ಕಾಲಿಟ್ಟ. ಒಂದು ತಡವರಿಕೆಯಿಲ್ಲ. ನಾನು ಪರದೆಯನ್ನೂ ಅವಳ ಮುಖವನ್ನೂ ನೋಡುತ್ತಾ ಗರಬಡಿದವಳ ಹಾಗೆ ನಿಂತುಬಿಟ್ಟೆ. ಅವಳ ಕಣ್ಣು ಕಿಟಕಿಯ ಕಡೆ ಇತ್ತು. ನಿಜವಾಗಿ ಆಡುತ್ತಿದ್ದಳು!

ಆಮೇಲೆ ದಾರಿಹೋಕ ಸೇತುವೆಯ ತಿರುವಿನಲ್ಲಿ ತಿರುಗದೆ ನೇರ ನಡೆದು ನೀರಿಗೆ ಬಿದ್ದ.

ಅವಳು ಹುಬ್ಬು ಗಂಟಿಕ್ಕಿದಳು. ಮತ್ತೆ ದೋಣಿಯಿಂದ ಶುರು. ಮತ್ತೆ ಅದೇ ಜಾಗದಲ್ಲಿ ನೀರು. ಮೂರನೆಯ ಸಲ ಬಿದ್ದಾಗ ಹೆಡ್‌ಫೋನ್ ಕಿತ್ತು ಪಕ್ಕಕ್ಕಿಟ್ಟಳು.

“ನನ್ನ ಹಲಗೆ ಯಾರು ತೆಗೆದ್ರು?”

“ಯಾವ ಹಲಗೆ?” ಅಂದೆ. ಗೊತ್ತಿದ್ದೂ ಕೇಳಿದೆ.

“ಡೊಬ್ ಅನ್ನೋದು! ಅದು ಡೊಬ್ ಅಂದ್ರೆ ಎಡಕ್ಕೆ ತಿರುಗ್ಬೇಕು. ಅದಿಲ್ದೆ ಯಾವನು ದಾಟ್ತಾನೆ?”

ಆಮೇಲೆ ಒಂದೊಂದೇ ಹೇಳಿದಳು. ಮೊದಲ ನಾಲ್ಕು ಭಾಗ ಕಣ್ಣಿನಿಂದ ಆಡಿದ್ದಳಂತೆ, ಐದು ಮತ್ತು ಆರು ಬರೀ ಕಿವಿಯಿಂದ. ನದಿಯ ಸದ್ದು ಬಲಗಿವಿಗೆ ಹತ್ತಿರ ಆದರೆ ಅಂಚಿಗೆ ಬಂದೆ ಅಂತ ಅರ್ಥ. ಲಾಟೀನಿನ ಹಿಡಿ ಅಲುಗಾಡುವ ಸದ್ದು ನಿಂತರೆ ಯಾವುದಕ್ಕೋ ಢಿಕ್ಕಿ ಹೊಡೆದೆ ಅಂತ. ಕಾವಲುಗಾರ ಮಾತಾಡುವ ಮುಂಚೆ ಮೂಗು ಸೇದುತ್ತಾನಂತೆ. ಆರು ಭಾಗ ಆಡಿ ಏಳನೆಯದನ್ನು ಕಟ್ಟುತ್ತಿರುವ ನನಗೆ ಅವನು ಮೂಗು ಸೇದುವುದೇ ಗೊತ್ತಿರಲಿಲ್ಲ.

ನಮ್ಮ ಆಟದೊಳಗೆ ಇನ್ನೊಂದು ಊರು ಇತ್ತು. ನಾವ್ಯಾರೂ ಕಾಲಿಡದ ಊರು. ಚಿಕ್ಕಮ್ಮ ಅಲ್ಲಿ ವರ್ಷಗಟ್ಟಲೆ ಓಡಾಡಿಕೊಂಡಿದ್ದಳು. ಮೈ ಜುಮ್ಮೆಂದಿತು, ಈಗ ಬರೆಯುವಾಗಲೂ ಜುಮ್ಮೆನ್ನುತ್ತಿದೆ.

ಆಸೆ ತಡೆಯದೆ ಆಕಾಶನಗರವನ್ನೂ ಹಾಕಿಕೊಟ್ಟೆ. ನಗರದ ಬಾಗಿಲು ದಾಟಿದವಳೇ ಕೆಳಗಿನ ಸಮುದ್ರಕ್ಕೆ ಬಿದ್ದಳು. ಎದ್ದು ಇನ್ನೊಂದು ಕಡೆ ಹೆಜ್ಜೆ ಇಟ್ಟಳು, ಬಿದ್ದಳು. ಗಾಜಿನ ಮೆಟ್ಟಿಲಿಗೆ ನಾನು ಸದ್ದನ್ನೇ ಕೊಟ್ಟಿರಲಿಲ್ಲ. ಮೇಲಿಂದ ಕೆಳಗಿನವರೆಗೆ ಪಿಟೀಲು ಮಾತ್ರ ಮೊಳಗುತ್ತಿತ್ತು.

“ಇಲ್ಲಿ ಬರೀ ಸಂಗೀತ ಇದೆ ಕಣೇ ಪುಟ್ಟಿ, ಊರೇ ಇಲ್ಲ,” ಅಂದು ಕಂಟ್ರೋಲರ್ ನನ್ನ ಕೈಗಿಟ್ಟಳು. ಬೇಸರದಿಂದ ಹೇಳಲಿಲ್ಲ. ಅದಕ್ಕೇ ಹೆಚ್ಚು ನಾಟಿತು.

ಫೆಬ್ರವರಿ ೧೭, ಸೋಮವಾರ

ಆಫೀಸಿಗೆ ಹೋದವಳೇ ಸೀದಾ ಗೂಬೆಯ ಕೋಣೆಗೆ ಹೋದೆ. ಆಟದ ಸದ್ದುಗಳನ್ನೆಲ್ಲ ಮಾಡುವವನು ಅವನು. ದಪ್ಪ ಪರದೆ ಇಳಿಬಿಟ್ಟ ಕತ್ತಲ ಕೋಣೆಯಲ್ಲೇ ಇರುತ್ತಾನಾದ್ದರಿಂದ ಎಲ್ಲರೂ ಹಾಗೆ ಕರೆಯುತ್ತಾರೆ, ಅವನೂ ಓಗೊಡುತ್ತಾನೆ. ಇಷ್ಟು ವರ್ಷದಲ್ಲಿ ನಾನು ಆ ಬಾಗಿಲು ತಳ್ಳಿದ್ದು ಇದೇ ಮೊದಲು.

ಟೊಳ್ಳು ಹಲಗೆಯ ವಿಷಯ ಕೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಯ್ಯೋ ಅದಾ! ಮೊದಲ್ನೇ ಭಾಗಕ್ಕೆ ಹಳೇ ಬಾಗಿಲ ಹಲಗೆಗಳನ್ನ ನೆಲದ ಮೇಲೆ ಜೋಡಿಸಿ ಅದರ ಮೇಲೆ ನಾನೇ ನಡೆದು ಸದ್ದು ಹಿಡಿದಿದ್ದೆ. ಒಂದರ ಕೆಳಗೆ ನನ್ನ ಊಟದ ಡಬ್ಬಿ ಮುಚ್ಚಳ ಸೇರ್ಕೊಂಡಿತ್ತು. ಆಟ ಹೊರಗೆ ಬಂದ್ಮೇಲೆ ಗೊತ್ತಾಯ್ತು. ಆಮೇಲೆ ನಕಲು ಮಾಡ್ಕೊಂಡ್ ಮಾಡ್ಕೊಂಡ್ ಹಾಗೇ ಉಳೀತು.”

ಚಿಕ್ಕಮ್ಮನ ಕಥೆ ಹೇಳಿದೆ. ಅವನ ನಗು ಅರ್ಧಕ್ಕೇ ನಿಂತಿತು. “ಇನ್ನೊಂದ್ಸಲ ಹೇಳು,” ಅಂದ. ಹೇಳಿದೆ. ಎದ್ದು ಆ ಪುಟ್ಟ ಕೋಣೆಯಲ್ಲೇ ಎರಡು ಸುತ್ತು ಹಾಕಿದ.

“ನನ್ನ ಮುಚ್ಚಳದ ಮೇಲೆ ಒಬ್ರು ಹೊಳೆ ದಾಟ್ತಿದಾರೆ,” ಅಂದ.

ಹಲಗೆಯನ್ನು ವಾಪಸ್ ಹಾಕಿದೆ.

ಫೆಬ್ರವರಿ ೨೩, ಭಾನುವಾರ

ಇವತ್ತು ಬೈಸಿಕೊಂಡೆ. ಚೆನ್ನಾಗಿ ಬೈಸಿಕೊಂಡೆ.

ವಾರವಿಡೀ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೆ. ಚಿಕ್ಕಮ್ಮನಿಗೆ ಸಿಹಿಸುದ್ದಿ ಕೊಡುವವಳ ಗತ್ತಿನಲ್ಲಿ ಹೇಳಿದೆ: “ಆಕಾಶ ಕೈಬಿಟ್ಟೆ. ಸೇತುವೆ ಇದ್ದ ಹಾಗೇ ಇರುತ್ತೆ, ನಿನ್ನ ಹಲಗೆ ಸಮೇತ. ಇನ್ನು ಯಾರೂ ಮುಟ್ಟಲ್ಲ.”

ಅವಳು ಕಪ್ಪು ಕೆಳಗಿಟ್ಟಳು. “ನಾನು ಕೇಳಿದ್ನಾ?”

“ನಿನಗೋಸ್ಕರ ತಾನೇ...”

“ನನ್ನ ಹೆಸರು ಹೇಳ್ಬೇಡ. ಆ ಸೇತುವೆ ಅಂದ್ರೆ ನನಗೆ ಪ್ರಾಣ ಅಂತ ಯಾರು ಹೇಳಿದ್ರು ನಿನಗೆ? ಕೆಲಸಕ್ಕೆ ಸೇರಿದ ದಿನದಿಂದ ಬಿಡೋ ದಿನದವರೆಗೂ ಒಂದೇ ರೂಟಲ್ಲಿ ಬಸ್ಸು ಓಡಿಸ್ದೋಳು ನಾನು. ಅದೇ ಸಿಗ್ನಲ್ಲು, ಅದೇ ತಿರುವು. ಬೇಜಾರಾಗಿ ಸಾಯ್ತಿದ್ದೆ. ಮನೆಗೆ ಬಂದು ಆಟ ಆಡ್ತಿದ್ದದ್ದೇ ನೋಡ್ದೇ ಇರೋ ಕಡೆ ಹೋಗೋಕೆ. ಕಣ್ಣು ಹೋದ್ಮೇಲೆ ಹೊಸ ಆಟ ಅನ್ನೋದು ಒಂದೂ ನನ್ನ ಒಳಗೆ ಬಿಟ್ಕೊಳ್ಳಲಿಲ್ಲ. ನಿಮ್ಮದೊಂದು ಬಿಡ್ತು. ಯಾಕೆ? ನೀವು ಸೋಮಾರಿಗಳು, ಏನೂ ಬದಲಾಯಿಸಲ್ಲ, ಅದಕ್ಕೆ!”

ನನಗೆ ನಗು ಬಂತು, ಅಳುವೂ ಬಂತು.

“ಈ ಮನೇಲಿ ಗೋಡೆ ಎಲ್ಲಿದೆ ಗೊತ್ತು, ಬಚ್ಚಲು ಎಲ್ಲಿದೆ ಗೊತ್ತು. ಆಟದಲ್ಲಿ ಸೇತುವೆ ಎಲ್ಲಿ ತಿರುಗುತ್ತೆ ಗೊತ್ತು. ಗೊತ್ತಿರೋ ಕಡೆ ಮಾತ್ರ ನನಗೆ ಕಾಲು. ನಾನು ದಾರಿ ತಪ್ಪಿ ಎಷ್ಟು ವರ್ಷ ಆಯ್ತು ಗೊತ್ತೇನೇ?” ಅಂದಳು. ದನಿ ಸ್ವಲ್ಪ ಒಡೆಯಿತು. ಕೂಡಲೇ ಸರಿಮಾಡಿಕೊಂಡು, “ಹೋಗು, ನಿನ್ನ ಆಕಾಶಾನಾದ್ರೂ ಮಾಡು, ಯಾರಿಗಾದ್ರೂ ಉಪಯೋಗಕ್ಕೆ ಬರಲಿ,” ಅಂದಳು.

ಹಳೆಯದು ಬೇಡ, ಹೊಸದು ಒಳಗೆ ಬಿಡುವುದಿಲ್ಲ. ನಾನೇನು ಮಾಡಲಿ?

ಮಾರ್ಚ್ ೪, ಮಂಗಳವಾರ

ಬಸ್ಸಿಳಿದು ಮನೆಗೆ ನಡೆಯುತ್ತಿದ್ದೆ. ಮುಂದೆ ಯಾರದೋ ಹೀಲ್ಸ್ ಚಪ್ಪಲಿ, ಹಿಂದೆ ಚಕ್ರದ ಪೆಟ್ಟಿಗೆ ಎಳೆಯುವ ಸದ್ದು, ಎಡಗಡೆ ಅಂಗಡಿಯ ಷಟರು ಇಳಿಯುತ್ತಿತ್ತು. ಔಷಧಿ ಅಂಗಡಿಯ ಮುಂದೆ ಫುಟ್‌ಪಾತಿನ ಒಂದು ಕಲ್ಲು ಕಾಲಿಟ್ಟರೆ ಡೊಬ್ ಅನ್ನುತ್ತದೆ. ಹೀಲ್ಸ್ ಚಪ್ಪಲಿಯೂ ಅದರ ಮೇಲೆ ಡೊಬ್ ಅಂತು, ನಾನೂ ಡೊಬ್ ಅನ್ನಿಸಿದೆ, ಹಿಂದಿನ ಪೆಟ್ಟಿಗೆಯೂ.

ಅಲ್ಲೇ ನಿಂತುಬಿಟ್ಟೆ. ಪೆಟ್ಟಿಗೆಯವರು ಬೈದುಕೊಂಡು ಪಕ್ಕಕ್ಕೆ ಹೋದರು.

ಟೊಳ್ಳು ಸದ್ದು ಬರುವುದು ಕೆಳಗೆ ಜಾಗ ಇದ್ದಾಗ. ಆರು ಭಾಗಗಳಿಂದ ಆ ಹಲಗೆ ನಮಗೆ ಅದನ್ನೇ ಹೇಳುತ್ತಿದೆ. ಲಕ್ಷಾಂತರ ಜನ ಅದರ ಮೇಲೆ ನಡೆದುಹೋದರು. ಕೆಳಗೇನಿದೆ ಅಂತ ಒಬ್ಬರೂ ಕೇಳಲಿಲ್ಲ. ಮಾಡಿದ ನಾವೂ ಕೇಳಲಿಲ್ಲ!

ಸೇತುವೆಯನ್ನು ಕಿತ್ತೆಸೆಯುವುದೂ ಬೇಡ, ಹಾಗೇ ಇಡುವುದೂ ಬೇಡ. ಅದರ ಕೆಳಗೆ ಇಳಿಯಬೇಕು. ದೇವರೇ, ಎಷ್ಟು ದೊಡ್ಡ ಜಾಗ ಇದೆ ಅಲ್ಲಿ!

ಮಾರ್ಚ್ ೫, ಬುಧವಾರ

ಗೂಬೆಗೆ ಹೇಳಿದೆ. ಅವನು ಒಂದೇ ಮಾತು ಸೇರಿಸಿದ: “ಲಾಟೀನು ಆರಬೇಕು.”

ಮಾರ್ಚ್ ೯, ಭಾನುವಾರ

ರಜೆಯ ದಿನವೂ ಕೆಲಸ. ಕೆಳಗಿನ ಲೋಕಕ್ಕೆ ಚಿತ್ರವೇ ಇಲ್ಲ, ಬರೀ ಕತ್ತಲು. ಆದರೆ ಒಂದೊಂದು ದಾರಿಗೂ ಒಂದೊಂದು ನೆಲ. ಹಸಿ ಮರಳು, ಒಣ ಎಲೆ, ತೆಳು ನೀರು. ಗೋಡೆ ಹತ್ತಿರ ಬಂದರೆ ನಮ್ಮದೇ ಉಸಿರು ವಾಪಸ್ ಕೇಳುತ್ತದೆ. ಬಯಲಿಗೆ ಬಂದರೆ ಕೇಳುವುದಿಲ್ಲ. ಗೂಬೆ ಒಂದು ಟ್ರೇ ತುಂಬ ಮರಳು ತಂದು ಬರಿಗಾಲಿನಲ್ಲಿ ನಡೆದ, ನಾನು ಕಣ್ಣುಮುಚ್ಚಿ ಕೇಳಿದೆ. ಕಡಲತೀರ! ಆ ಧೂಳು ಕೋಣೆಯಲ್ಲಿ ಕಡಲತೀರ. ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಕುಣಿದೆವು.

ಮನೆಗೆ ಬಂದು ಸ್ಟೂಲು ಹತ್ತಿ ಫ್ಯಾನಿನ ಬೋಲ್ಟು ಬಿಗಿ ಮಾಡಿದೆ. ಆ ಕಿಟಿಕಿಟಿ ತಲೆ ತಿನ್ನುತ್ತಿತ್ತು, ಇಷ್ಟು ದಿನ ಹೇಗೆ ಸಹಿಸಿಕೊಂಡಿದ್ದೆವೋ.

ಮಾರ್ಚ್ ೧೪, ಶುಕ್ರವಾರ

ಯಜಮಾನರು ಹೆಡ್‌ಫೋನ್ ಹಾಕಿಕೊಂಡು ಕಂಟ್ರೋಲರ್ ಹಿಡಿದು ಕೂತರು, ನಾನೂ ಗೂಬೆಯೂ ಇನ್ನೆರಡು ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲಿ ನಿಂತೆವು. ದೋಣಿ, ಲಾಟೀನು, ಸೇತುವೆ. ಠಪ್ ಠಪ್, ಡೊಬ್, ಎಡಕ್ಕೆ ತಿರುಗಿ ಕಾವಲುಗಾರನವರೆಗೂ ಹೋದರು.

“ಇದರಲ್ಲಿ ಹೊಸದೇನಮ್ಮಾ?”

“ವಾಪಸ್ ಬನ್ನಿ ಸರ್. ಡೊಬ್ ಅನ್ನೋ ಹಲಗೆ ಮೇಲೆ ನಿಂತ್ಕೊಳ್ಳಿ. ಮುಂದೆ ಹೋಗ್ಬೇಡಿ.”

ಬಂದರು, ನಿಂತರು. ನದಿಯ ಸದ್ದು ಮೆಲ್ಲಗೆ ಇಳಿಯಿತು. ಆಗ ಹಲಗೆಯ ಕೆಳಗಿನಿಂದ ಯಾರೋ ತಟ್ಟಿದರು.

ಯಜಮಾನರು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. ಹಲಗೆ ತೆರೆದುಕೊಂಡಿತು, ದಾರಿಹೋಕ ಇಳಿದ, ಲಾಟೀನು ಆರಿತು. ಪರದೆ ಪೂರ್ತಿ ಕಪ್ಪು.

“ಕೆಟ್ಟೋಯ್ತಾ?” ಅಂದರು.

“ಇಲ್ಲ ಸರ್. ಕೇಳಿ.”

ಕೇಳಿದರು. ಮೊದಲು ಅಲ್ಲಲ್ಲೇ ತಡಕಾಡಿದರು, ಗೋಡೆಗೆ ಬಡಿದುಕೊಂಡರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮರಳಿನಿಂದ ಎಲೆಗಳ ಮೇಲೆ, ಎಲೆಗಳಿಂದ ನೀರಿಗೆ. ದೂರದಲ್ಲಿ ಯಾರೋ ಗುನುಗುತ್ತಿದ್ದರು, ಅವರ ಕಡೆ ಹೊರಟರು. ಒಂದು ಕಡೆ ಸಟ್ಟನೆ ಬಯಲು ತೆರೆದುಕೊಳ್ಳುತ್ತದೆ, ತಲೆಯ ಮೇಲೆ ಸಾವಿರಾರು ರೆಕ್ಕೆಗಳು. ಅಲ್ಲಿ ಯಜಮಾನರು ತಲೆ ಎತ್ತಿ ಆಫೀಸಿನ ಛಾವಣಿ ನೋಡಿದರು. ಗೂಬೆ ನನ್ನ ಮೊಣಕೈ ಹಿಂಡಿದ.

ಹೆಡ್‌ಫೋನ್ ತೆಗೆದಮೇಲೆ ಮೊದಲು ಹೇಳಿದ್ದು ಎಲ್ಲ ಯಜಮಾನರೂ ಹೇಳುವ ಮಾತನ್ನೇ. “ಟಿವಿ ಕೆಟ್ಟಿದೆ ಅಂತ ಜನ ದೂರು ಕೊಡ್ತಾರಲ್ಲಮ್ಮಾ!”

“ನೇರ ಹೋಗೋರು ಸೇತುವೆ ಮೇಲೇ ಹೋಗ್ಲಿ ಸರ್. ಅದು ಇದ್ದ ಹಾಗೇ ಇದೆ. ನಿಂತು ಕೇಳೋರು ಮಾತ್ರ ಕೆಳಗಿಳೀತಾರೆ.”

“ಆಕಾಶ?”

“ಅದರ ಮೆಟ್ಟಿಲಿಗೆ ಇನ್ನೂ ಸದ್ದು ಬಂದಿಲ್ಲ ಸರ್. ಎಂಟನೇ ಭಾಗಕ್ಕೆ ನೋಡೋಣ.”

ಸ್ವಲ್ಪ ಹೊತ್ತು ಕನ್ನಡಕ ಒರೆಸುತ್ತಾ ಕೂತರು. “ಈ ಸೇತುವೆ ನಾನೇ ಕಟ್ಟಿದ್ದು. ಇದರ ಕೆಳಗೆ ಏನಿದೆ ಅಂತ ಒಂದು ದಿನಾನೂ ಬಗ್ಗಿ ನೋಡ್ಲಿಲ್ವಲ್ಲ ನಾನು,” ಅಂದರು. ನಮ್ಮನ್ನು ಕೇಳಿದ್ದಲ್ಲ. ಆಮೇಲೆ ಎದ್ದು, “ಇದೇ ಇರಲಿ,” ಅಂದು ಹೋದರು. ಗೂಬೆ ನೆಲದ ಮೇಲೇ ಕೂತುಬಿಟ್ಟ.

ಏಪ್ರಿಲ್ ೬, ಭಾನುವಾರ

ಚಿಕ್ಕಮ್ಮನಿಗೆ ಏನೂ ಹೇಳಿರಲಿಲ್ಲ. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಕ್ಕೆ ನನಗೆ ಯಾರಾದರೂ ಪದಕ ಕೊಡಬೇಕು. ಬೆಳಗಿನ ಕೆಲಸವೆಲ್ಲ ಮುಗಿದಮೇಲೆ ಹಾಕಿಕೊಟ್ಟು ಪಕ್ಕದಲ್ಲಿ ಕೂತೆ. ಟಿವಿ ಹಚ್ಚಲಿಲ್ಲ. ಇಬ್ಬರಿಗೂ ಒಂದೊಂದು ಹೆಡ್‌ಫೋನ್.

ಠಪ್ ಠಪ್. ಡೊಬ್. ಎಡಕ್ಕೆ. ಕಾವಲುಗಾರ ಮೂಗು ಸೇದಿ, “ಯಾರಪ್ಪಾ ನೀನು?” ಅಂದ.

“ಅದೇ ಸೇತುವೆ,” ಅಂದಳು ಚಿಕ್ಕಮ್ಮ. ಮುಖ ಇಳಿದುಹೋಯಿತು. “ಹೇಳಿದ್ದೆ, ನೀನು ಕೇಳಲಿಲ್ಲ.”

ನಾನು ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೆ. ಅವಳು ಹೆಡ್‌ಫೋನ್ ತೆಗೆಯಲು ಕೈ ಎತ್ತಿದಳು. ಕೈ ಅಲ್ಲೇ ನಿಂತಿತು.

“ತಾಳು. ಆ ಹಲಗೆ ಈ ಸಲ ಸ್ವಲ್ಪ ಹೆಚ್ಚು ಹೊತ್ತು ಮೊಳಗ್ತಲ್ವಾ?”

ದಾರಿಹೋಕ ಹಿಂದಿರುಗಿದ. ಠಪ್ ಠಪ್. ಡೊಬ್. ನಿಂತ. ನದಿ ಇಳಿಯಿತು. ಕೆಳಗಿನಿಂದ ತಟ್ಟಿದರು.

ಅವಳ ಉಸಿರು ನಿಂತದ್ದು ನನಗೆ ಕೇಳಿಸಿತು. ಆಮೇಲೆ ಮೆಲ್ಲಗೆ ಇಳಿದಳು. ಲಾಟೀನು ಆರಿದ ಸದ್ದು. ಮರಳು. ಅವಳು ಬಲಕ್ಕೆ ಹೋದಳು, ಗೋಡೆ. ಎಡಕ್ಕೆ ಹೋದಳು, ಎಲೆ. ನಿಂತಳು. ಒಂದು ಹೆಜ್ಜೆ ಹಿಂದಕ್ಕಿಟ್ಟು ಮತ್ತೆ ಮುಂದಕ್ಕಿಟ್ಟಳು, ನೀರು ಎಷ್ಟು ಆಳ ಅಂತ ಬೆರಳಿನಿಂದ ನೋಡುವವರ ಹಾಗೆ.

“ಪುಟ್ಟಿ,” ಅಂದಳು ಪಿಸುದನಿಯಲ್ಲಿ, “ಇಲ್ಲಿಗೆ ನಾನು ಬಂದೇ ಇಲ್ಲ.”

ನಾನು ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

ರೆಕ್ಕೆಗಳ ಬಯಲಿಗೆ ಬಂದಾಗ ಅವಳು ಬಾಯಿ ತೆರೆದು ಕೂತಳು. ಸಾವಿರಾರು ರೆಕ್ಕೆಗಳು ನಮ್ಮಿಬ್ಬರ ಮೇಲೂ ಒಟ್ಟಿಗೆ ಹಾರಿಹೋದವು. ನಾನೇ ಮಾಡಿದ್ದು, ಎಲ್ಲಿಂದ ಬರುತ್ತವೆ ಅಂತಲೂ ಗೊತ್ತು. ಆದರೂ ರೋಮ ನಿಮಿರಿತು. ಅದರಾಚೆ ದಾರಿ ಮೂರಾಗಿ ಒಡೆಯುತ್ತದೆ. ಅವಳು ಒಂದರಲ್ಲಿ ಹೋದಳು, ಇನ್ನೊಂದರಿಂದ ಬಂದಳು, ಮತ್ತೆಲ್ಲಿಗೋ ಹೋದಳು. ಗುನುಗುವ ದನಿ ಒಮ್ಮೆ ಹತ್ತಿರವಾಗಿ ಪೂರ್ತಿ ದೂರವಾಯಿತು.

“ದಾರಿ ತಪ್ಪಿದೆ ಕಣೇ!” ಅಂದಳು. ಆ ದನಿಯಲ್ಲಿ ಅಷ್ಟು ಖುಷಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ.

“ಅಲ್ಲಿಂದ ಎಲೆ ಇರೋ ಕಡೆ...” ಅಂತ ಬಾಯಿಬಿಟ್ಟೆ.

“ಬಾಯಿ ಮುಚ್ಚು! ಹೇಳಿದ್ರೆ ನೋಡು!”

ಮುಚ್ಚಿದೆ. ಯಾವಾಗ ಕಣ್ಣು ಮುಚ್ಚಿದ್ದೆನೋ ತಿಳಿಯದು, ತೆರೆದಾಗ ಬಿಸಿಲು ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಬಂದಿತ್ತು. ಎದ್ದು ಹೋಗಿ ಅಡುಗೆ ಬಿಸಿ ಮಾಡಿದೆ, ತಟ್ಟೆ ಹಾಕಿದೆ, ಬಂದು ಅವಳ ಭುಜ ಮುಟ್ಟಿದೆ.

“ಚಿಕ್ಕಮ್ಮಾ, ಊಟಕ್ಕೆ ಬಾ.”

“ನಾನು ಊರಲ್ಲಿಲ್ಲ,” ಅಂದಳು. “ನೀನು ಊಟ ಮಾಡು.”